ನುಂಗಲು ಕಷ್ಟವಾದರೆ ಬಿಸಿನೀರು ಸಾಕೇ? ಅನ್ನನಾಳದ ಎಂಡೋಸ್ಕೋಪಿ ಚಿಕಿತ್ಸೆ ಬಗ್ಗೆ ತಿಳಿಯಬೇಕಾದ್ದು

"ಊಟ ಎದೆಯಲ್ಲಿ ಸಿಕ್ಕಿಕೊಂಡಂತಾಗುತ್ತದೆಯೇ? ಆಸ್ಪತ್ರೆಗೆ ಹೋಗಬೇಡಿ, ಪೈಪ್ ಹಾಕಿದರೆ ಗಾಯವಾಗಿ ಕ್ಯಾನ್ಸರ್ ಹರಡುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರು, ಜೇನುತುಪ್ಪ ಕುಡಿಯಿರಿ, ನಾಳ ತಾನಾಗಿ ತೆರೆದುಕೊಳ್ಳುತ್ತದೆ." ಈ ಧಾಟಿಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತವೆ. ಗಂಟಲಲ್ಲಿ ಸಿಕ್ಕಿದ್ದು ಇಳಿಯಲು ಬಾಳೆಹಣ್ಣು ನುಂಗಿ ಎನ್ನುವವರೂ ಇದ್ದಾರೆ, ಕೋಲಾ ಕುಡಿಯಿರಿ ಎನ್ನುವವರೂ ಇದ್ದಾರೆ. ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ನಾವು ಪರಿಶೀಲಿಸಿದ್ದೇವೆ.

ಪೂರ್ತಿ ಓದಲು ಸಮಯವಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇವೆ. ಎಂಡೋಸ್ಕೋಪಿಯಿಂದ ಕ್ಯಾನ್ಸರ್ ಹರಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ನುಂಗುವ ತೊಂದರೆಯ ಹಲವು ಕಾರಣಗಳಿಗೆ ಇವತ್ತು ಎಂಡೋಸ್ಕೋಪಿಯೇ ಚಿಕಿತ್ಸೆಯೂ ಹೌದು, ಹೊಟ್ಟೆ ಕೊಯ್ಯಬೇಕಾಗಿಲ್ಲ. ಬಿಸಿನೀರು ಕೆಲವರಿಗೆ ಆ ಹೊತ್ತಿಗೆ ಆರಾಮ ಕೊಡಬಹುದು, ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಎರಡು ಮೂರು ವಾರದಿಂದ ಊಟ ಇಳಿಯದೆ ತೂಕ ಕಡಿಮೆಯಾಗುತ್ತಿದ್ದರೆ ಮನೆಮದ್ದು ಮಾಡುತ್ತಾ ಕೂರುವುದು ಅಪಾಯ.

ನುಂಗಿದ್ದು ಹೊಟ್ಟೆಗೆ ಹೋಗುವುದು ಹೇಗೆ?

ಬಾಯಿಯಿಂದ ನುಂಗಿದ ತುತ್ತು ಸೀದಾ ಕೆಳಗೆ ಬೀಳುತ್ತದೆ ಎಂದು ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿದ್ದಿದ್ದರೆ ತಲೆಕೆಳಗಾಗಿ ನಿಂತವರು ನೀರು ನುಂಗಲು ಆಗುತ್ತಿರಲಿಲ್ಲ. ಅವರಿಗೂ ನುಂಗಲು ಆಗುತ್ತದೆ. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ, ಸ್ನಾಯುಗಳಿಂದಾದ ಕೊಳವೆ. ನುಂಗಿದ ಕೂಡಲೇ ಮೇಲಿನಿಂದ ಕೆಳಗೆ ಅಲೆಯಂತೆ ಹಿಂಡಿಕೊಳ್ಳುತ್ತಾ ತುತ್ತನ್ನು ತಳ್ಳುತ್ತದೆ. ಕೊಳವೆಯ ಕೆಳತುದಿಯಲ್ಲಿ, ಜಠರ ಶುರುವಾಗುವ ಜಾಗದಲ್ಲಿ, ಉಂಗುರದಂಥ ಸ್ನಾಯುವೊಂದಿದೆ. ಅದು ಸಾಮಾನ್ಯವಾಗಿ ಮುಚ್ಚಿರುತ್ತದೆ, ಜಠರದ ಆಮ್ಲ ಮೇಲೆ ಬರದಂತೆ ತಡೆಯುತ್ತದೆ. ತುತ್ತು ಬಂದಾಗ ಸಡಿಲಗೊಂಡು ದಾರಿ ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತದೆ.

ತೊಂದರೆ ಎರಡು ಬಗೆಯಲ್ಲಿ ಬರುತ್ತದೆ. ಒಂದೋ ದಾರಿ ಕಿರಿದಾಗಿರುತ್ತದೆ, ಇಲ್ಲವೇ ದಾರಿ ಸರಿಯಿದ್ದು ಸ್ನಾಯು ಕೆಲಸ ಮಾಡುತ್ತಿರುವುದಿಲ್ಲ. ಇದನ್ನು ತಿಳಿಯಲು ವೈದ್ಯರು ಕೇಳುವ ಮೊದಲ ಪ್ರಶ್ನೆ ಬಹಳ ಸರಳ: ಗಟ್ಟಿ ಆಹಾರ ಮಾತ್ರ ಇಳಿಯುತ್ತಿಲ್ಲವೋ, ನೀರೂ ಇಳಿಯುತ್ತಿಲ್ಲವೋ? ಮೊದಲು ಚಪಾತಿ, ರೊಟ್ಟಿ, ಮಾಂಸ ಕಷ್ಟವಾಗಿ, ಆಮೇಲೆ ಅನ್ನ, ಕೊನೆಗೆ ಗಂಜಿಯೂ ಕಷ್ಟವಾದರೆ ದಾರಿ ದಿನೇ ದಿನೇ ಕಿರಿದಾಗುತ್ತಿದೆ ಎಂದರ್ಥ. ಶುರುವಿನಿಂದಲೇ ಮುದ್ದೆಯೂ ಕಷ್ಟ, ನೀರೂ ಕಷ್ಟ ಎಂದರೆ ಸ್ನಾಯುವಿನ ಕಡೆ ಅನುಮಾನ ಹೋಗುತ್ತದೆ. ಡಾಕ್ಟರ ಮುಂದೆ "ಏನೂ ಇಳಿಯಲ್ಲ ಸಾರ್" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಯಾವುದು ಇಳಿಯುತ್ತದೆ, ಯಾವುದು ಇಲ್ಲ, ಯಾವಾಗಿನಿಂದ ಎಂದು ಬಿಡಿಸಿ ಹೇಳಿ. ಅರ್ಧ ರೋಗನಿರ್ಣಯ ಅಲ್ಲೇ ಆಗುತ್ತದೆ.

ಪಾರ್ಶ್ವವಾಯು ಅಥವಾ ಪಾರ್ಕಿನ್ಸನ್ ಕಾಯಿಲೆ ಇರುವವರಿಗೆ ನುಂಗಲು ಹೋದಾಗಲೇ ಕೆಮ್ಮು ಬರುವುದು, ನೀರು ಮೂಗಿಗೆ ಹತ್ತುವುದು ಬೇರೆ ವಿಷಯ. ಅಲ್ಲಿ ತೊಂದರೆ ಇರುವುದು ಗಂಟಲಲ್ಲಿ. ಅದಕ್ಕೆ ನುಂಗುವ ವ್ಯಾಯಾಮ ಕಲಿಸುವ ತಜ್ಞರಿದ್ದಾರೆ. ಈ ಲೇಖನದ ಚಿಕಿತ್ಸೆಗಳು ಅವರಿಗಲ್ಲ.

ಪೈಪ್ ಹಾಕಿದರೆ ಕ್ಯಾನ್ಸರ್ ಹರಡುತ್ತದೆಯೇ?

ಜನ ಪೈಪ್ ಎನ್ನುವುದು ಎಂಡೋಸ್ಕೋಪ್ ಎಂಬ ಉಪಕರಣಕ್ಕೆ. ಕಿರುಬೆರಳಿನಷ್ಟು ದಪ್ಪದ, ಬೇಕಾದ ಕಡೆ ಬಾಗುವ ಕೊಳವೆ ಅದು. ತುದಿಯಲ್ಲಿ ದೀಪ, ಕ್ಯಾಮೆರಾ ಇರುತ್ತವೆ. ಒಳಗೆ ಸಣ್ಣ ರಂಧ್ರವೊಂದಿದ್ದು ಅದರ ಮೂಲಕ ಬಲೂನ್, ಸೂಜಿ, ಕತ್ತರಿ, ಕ್ಲಿಪ್ ಮುಂತಾದ್ದನ್ನು ಕಳುಹಿಸಬಹುದು. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು, ಬೇಕಿದ್ದರೆ ಮಂಪರು ಬರಿಸುವ ಇಂಜೆಕ್ಷನ್ ಕೊಟ್ಟು ಇದನ್ನು ಬಾಯಿಯಿಂದ ಇಳಿಸುತ್ತಾರೆ. ಬರೀ ನೋಡುವ ಪರೀಕ್ಷೆಯಾದರೆ ಕೆಲವೇ ನಿಮಿಷದ ಕೆಲಸ. ಉಸಿರಾಟದ ದಾರಿ ಬೇರೆಯೇ ಇರುವುದರಿಂದ ಉಸಿರು ಕಟ್ಟುವುದಿಲ್ಲ, ಆದರೆ ಓಕರಿಕೆ ಬಂದಂತಾಗುವುದು ಸಹಜ.

ಅನುಮಾನ ಬಂದ ಜಾಗದಿಂದ ಅಕ್ಕಿಕಾಳಿಗಿಂತ ಚಿಕ್ಕ ತುಣುಕು ತೆಗೆದು ಪರೀಕ್ಷೆಗೆ ಕಳುಹಿಸುವುದನ್ನು ಬಯಾಪ್ಸಿ ಎನ್ನುತ್ತಾರೆ. ಇದರಿಂದ ಅನ್ನನಾಳದ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ಎಲ್ಲಿಂದ ಬಂತು? ನಮಗೆ ಕಾಣುವ ಕಾರಣ ಇಷ್ಟು. ಅನ್ನನಾಳ ಹಿಗ್ಗುವ ಅಂಗವಾದ್ದರಿಂದ ಗಡ್ಡೆ ಸಾಕಷ್ಟು ಬೆಳೆಯುವವರೆಗೂ ಊಟ ಇಳಿಯುತ್ತಲೇ ಇರುತ್ತದೆ. ಕಷ್ಟ ಶುರುವಾದ ಮೇಲೂ ಜನ ತಿಂಗಳುಗಟ್ಟಲೆ ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ನುಂಗುತ್ತಾರೆ. ಕೊನೆಗೆ ಎಂಡೋಸ್ಕೋಪಿ ಮಾಡಿದಾಗ ಕಾಯಿಲೆ ಮುಂದುವರಿದಿರುತ್ತದೆ, ಸ್ವಲ್ಪ ದಿನದಲ್ಲೇ ರೋಗಿ ತೀರಿಕೊಳ್ಳಲೂಬಹುದು. ನೆಂಟರ ಕಣ್ಣಿಗೆ ಮೊದಲು ಕಂಡದ್ದು ಪೈಪ್, ಆಮೇಲೆ ಕಂಡದ್ದು ಸಾವು. ಪೈಪಿನ ಮೇಲೆ ಆರೋಪ ಬಂತು. ಬಯಾಪ್ಸಿ ಇಲ್ಲದೆ ಯಾವ ಬಗೆಯ ಕ್ಯಾನ್ಸರ್ ಎಂದು ತಿಳಿಯುವುದಿಲ್ಲ, ಅದು ತಿಳಿಯದೆ ಯಾವ ಕ್ಯಾನ್ಸರ್ ವೈದ್ಯರೂ ಚಿಕಿತ್ಸೆ ಶುರುಮಾಡುವುದಿಲ್ಲ. ಆ ಫಾರ್ವರ್ಡ್ ನಂಬಿ ಪರೀಕ್ಷೆ ಮುಂದೂಡಿದವರಿಗೆ ಆಗುವ ನಷ್ಟ ಇದೇ.

ಇನ್ನು ಬಿಸಿನೀರಿನ ವಿಷಯ. ತೀರಾ ಬಿಸಿಯಾದ, ಅಂದರೆ 65 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯ ಪಾನೀಯಗಳನ್ನು ಕುಡಿಯುವ ಅಭ್ಯಾಸವೇ ಅನ್ನನಾಳದ ಕ್ಯಾನ್ಸರ್‌ಗೆ ಬಹುಶಃ ಕಾರಣವಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ವರ್ಗೀಕರಿಸಿದೆ. ಉಗುರು ಬೆಚ್ಚಗಿನ ನೀರಿಗೆ ಈ ಮಾತು ಅನ್ವಯಿಸುವುದಿಲ್ಲ. ನಾಲಿಗೆ ಸುಡುವಷ್ಟು ಬಿಸಿ ಕುಡಿಯಿರಿ ಎನ್ನುವ ಸಲಹೆಯನ್ನಂತೂ ಯಾರಿಗೂ ಕಳುಹಿಸಬೇಡಿ.

ದಾರಿ ಕಿರಿದಾದರೆ: ಬಲೂನ್ ಚಿಕಿತ್ಸೆ

ಅನ್ನನಾಳ ಕಿರಿದಾಗಲು ಹಲವು ಕಾರಣಗಳಿವೆ. ವರ್ಷಗಟ್ಟಲೆ ಆಮ್ಲ ಮೇಲೆ ಬಂದು ಸುಟ್ಟು, ಹುಣ್ಣಾಗಿ, ಒಣಗಿ ಕಲೆಗಟ್ಟುವುದು ಒಂದು. ಅಲರ್ಜಿಯಂಥ ಉರಿಯೂತ ಇನ್ನೊಂದು. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇರುವ ಮಧ್ಯವಯಸ್ಸಿನ ಹೆಂಗಸರಲ್ಲಿ ಅನ್ನನಾಳದ ಮೇಲ್ಭಾಗದಲ್ಲಿ ತೆಳ್ಳನೆ ಪರದೆ ಬೆಳೆಯುವುದೂ ಉಂಟು. ಮಾತ್ರೆ ನುಂಗಲು ಆಗಲ್ಲ, ರೊಟ್ಟಿ ಇಳಿಯಲ್ಲ, ಸದಾ ಸುಸ್ತು ಎನ್ನುವ ಹೆಂಗಸರ ಮಾತನ್ನು ಮನೆಯವರು ಗಂಭೀರವಾಗಿ ತೆಗೆದುಕೊಳ್ಳದೆ ಇರುವುದೇ ಹೆಚ್ಚು. ಎಂಡೋಸ್ಕೋಪಿಯಲ್ಲಿ ಆ ಪರದೆಯನ್ನು ಹಿಗ್ಗಿಸಿ ಬಿಡಿಸಿ, ಕಬ್ಬಿಣದ ಮಾತ್ರೆ ಕೊಟ್ಟರೆ ಬಹುತೇಕರು ಸುಧಾರಿಸುತ್ತಾರೆ. ಈ ಪರದೆ ಇರುವವರಿಗೆ ಗಂಟಲು, ಅನ್ನನಾಳದ ಕ್ಯಾನ್ಸರ್ ಸಾಧ್ಯತೆ ಸ್ವಲ್ಪ ಹೆಚ್ಚಿರುವುದರಿಂದ ಆಮೇಲೂ ವೈದ್ಯರ ಕಣ್ಣಳತೆಯಲ್ಲಿರಬೇಕು.

ನಮಗೆ ಎಲ್ಲಕ್ಕಿಂತ ಬೇಸರ ತರಿಸುವ ಕಾರಣ ಆಸಿಡ್. ಶೌಚಾಲಯ ತೊಳೆಯುವ ಆಸಿಡ್ ಅನ್ನು ಖಾಲಿ ನೀರಿನ ಬಾಟಲಿಗೋ, ಕೂಲ್‌ಡ್ರಿಂಕ್ಸ್ ಬಾಟಲಿಗೋ ಸುರಿದು ಬಚ್ಚಲಲ್ಲಿ ಇಡುವ ಅಭ್ಯಾಸ ನಮ್ಮಲ್ಲಿದೆ. ಮಗು ಅದನ್ನು ಜ್ಯೂಸ್ ಎಂದುಕೊಂಡು ಕುಡಿಯುತ್ತದೆ. ಬದುಕಿ ಉಳಿದರೂ ಕೆಲವು ವಾರಗಳಲ್ಲಿ ಸುಟ್ಟ ಗಾಯ ಮಾಯುತ್ತಾ ಅನ್ನನಾಳ ಕುಗ್ಗುತ್ತದೆ, ಹಾಲೂ ಇಳಿಯದಂತಾಗುತ್ತದೆ. ಇಂಥ ಸಂದರ್ಭದಲ್ಲಿ ವಾಂತಿ ಮಾಡಿಸಿ ಎನ್ನುವ ಫಾರ್ವರ್ಡ್ ಬಂದರೆ ಅದು ಪೂರ್ತಿ ತಪ್ಪು. ಇಳಿಯುವಾಗ ಒಮ್ಮೆ ಸುಟ್ಟ ಆಸಿಡ್ ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತದೆ. ಉಪ್ಪುನೀರು, ನಿಂಬೆರಸ, ಸೋಡಾ ಯಾವುದನ್ನೂ ಕುಡಿಸಬೇಡಿ. ಬಾಯಿ ತೊಳೆಸಿ, ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ.

ಕಿರಿದಾದ ದಾರಿಯನ್ನು ಹಿಗ್ಗಿಸುವ ಕ್ರಮಕ್ಕೆ ಡೈಲಟೇಶನ್ ಎಂದು ಹೆಸರು. ಎಂಡೋಸ್ಕೋಪ್ ಮೂಲಕ ಮಡಚಿದ ಬಲೂನನ್ನು ಕಿರಿದಾದ ಜಾಗಕ್ಕೆ ಕಳುಹಿಸಿ, ಅಲ್ಲಿ ಅದನ್ನು ನಿಧಾನವಾಗಿ ಉಬ್ಬಿಸುತ್ತಾರೆ. ಇಲ್ಲವೇ ತೆಳ್ಳನೆ ತಂತಿಯ ಮೇಲೆ ಒಂದಕ್ಕಿಂತ ಒಂದು ದಪ್ಪದ, ಚೂಪು ತುದಿಯ ಪ್ಲಾಸ್ಟಿಕ್ ಕೊಳವೆಗಳನ್ನು ಇಳಿಸುತ್ತಾರೆ. ಒಂದೇ ದಿನ ಪೂರ್ತಿ ಹಿಗ್ಗಿಸಲು ಹೋದರೆ ನಾಳ ಹರಿಯಬಹುದು. ಅದಕ್ಕೇ ಒಂದು ಸಲಕ್ಕೆ ಕೆಲವೇ ಮಿಲಿಮೀಟರ್ ಹಿಗ್ಗಿಸಿ, ಒಂದೆರಡು ವಾರ ಬಿಟ್ಟು ಮತ್ತೆ ಕರೆಯುತ್ತಾರೆ. ಆಮ್ಲದಿಂದಾದ ಕಿರಿದಾಗುವಿಕೆ ಕೆಲವೇ ಸಲಕ್ಕೆ ಸರಿಹೋಗಬಹುದು. ಆಸಿಡ್ ಕುಡಿದವರಿಗೆ ಹತ್ತಾರು ಸಲ ಬೇಕಾಗಬಹುದು. "ಒಂದೇ ಸಲಕ್ಕೆ ಮಾಡದೆ ದುಡ್ಡಿಗಾಗಿ ಎಳೆಯುತ್ತಿದ್ದಾರೆ" ಎಂದು ಮಧ್ಯದಲ್ಲೇ ಬಿಟ್ಟುಬಿಡುವವರಿದ್ದಾರೆ. ಬಿಟ್ಟರೆ ಕಲೆ ಮತ್ತೆ ಕುಗ್ಗಿ ಮೊದಲಿನ ಸ್ಥಿತಿಗೇ ಬರುತ್ತದೆ.

ಸ್ನಾಯುವೇ ಬಾಗಿಲು ತೆರೆಯದಿದ್ದರೆ

ಈಗ ಬಹಳ ಜನ ಹೆಸರೇ ಕೇಳಿರದ ಕಾಯಿಲೆಗೆ ಬರೋಣ. ಅಕಲೇಸಿಯಾ ಎಂಬುದು ಅದರ ಹೆಸರು, ಸಡಿಲಗೊಳ್ಳದಿರುವುದು ಎಂಬ ಅರ್ಥ ಬರುವ ಗ್ರೀಕ್ ಮೂಲದ ಪದ. ವರ್ಷಕ್ಕೆ ಸುಮಾರು 1 ಲಕ್ಷ ಜನರಲ್ಲಿ ಒಬ್ಬರಿಗೆ ಹೊಸದಾಗಿ ಬರುತ್ತದೆ, ಗಂಡು ಹೆಣ್ಣು ಎಂಬ ಭೇದವಿಲ್ಲ. ಅನ್ನನಾಳದ ಗೋಡೆಯೊಳಗಿನ ನರಕೋಶಗಳು ನಾಶವಾಗುತ್ತಾ ಹೋಗುತ್ತವೆ. ಆಗ ಮೇಲಿನಿಂದ ತಳ್ಳುವ ಅಲೆಯೂ ನಿಲ್ಲುತ್ತದೆ, ಕೆಳಗಿನ ಉಂಗುರವೂ ಸಡಿಲಗೊಳ್ಳುವುದಿಲ್ಲ. ಉಂಡದ್ದೆಲ್ಲ ಅನ್ನನಾಳದಲ್ಲೇ ನಿಂತುಬಿಡುತ್ತದೆ. ವರ್ಷಗಳು ಕಳೆದಂತೆ ಕೊಳವೆ ಉಬ್ಬಿ ಚೀಲದಂತಾಗುತ್ತದೆ.

ಇವರ ಬದುಕು ಹೇಗಿರುತ್ತದೆ ಎಂದು ಯೋಚಿಸಿ ನೋಡಿ. ಒಂದು ತುತ್ತಿಗೆ ಒಂದು ಲೋಟ ನೀರು. ಎದ್ದು ನಿಂತು, ಎದೆ ನೀವಿಕೊಂಡು, ಕತ್ತು ಚಾಚಿ ಊಟ ಇಳಿಸಬೇಕು. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರು ಪಾಯಸಕ್ಕೆ ಬಂದಾಗ ಇವರದು ಇನ್ನೂ ಮೊದಲ ಅನ್ನ. ಹಾಗಾಗಿ ಮದುವೆಗೇ ಹೋಗುವುದಿಲ್ಲ. ರಾತ್ರಿ ಮಲಗಿದರೆ ಉಂಡದ್ದು ಬಾಯಿಗೆ ಬಂದು ದಿಂಬು ಒದ್ದೆಯಾಗುತ್ತದೆ, ಕೆಮ್ಮು ಹತ್ತುತ್ತದೆ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಕೆಮ್ಮು ಎಂದು ಆಸ್ತಮಾಕ್ಕೂ, ತೂಕ ಇಳಿಯಿತು ಎಂದು ಕ್ಷಯಕ್ಕೂ ಪರೀಕ್ಷೆ ಆಗುತ್ತಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಎದೆಯುರಿ. ನಿಂತ ಆಹಾರ ಅನ್ನನಾಳದಲ್ಲೇ ಹುಳಿಯುವುದರಿಂದ ಇವರಿಗೂ ಎದೆ ಉರಿಯುತ್ತದೆ. ಆದ್ದರಿಂದ ಗ್ಯಾಸ್ಟ್ರಿಕ್ ಮಾತ್ರೆಯ ಮೇಲೆ ವರ್ಷಗಳೇ ಕಳೆದುಹೋಗುತ್ತವೆ. ಇನ್ನೊಂದು ವಿಷಯ ನೆನಪಿಡಿ. ಶುರುವಿನ ಹಂತದಲ್ಲಿ ಎಂಡೋಸ್ಕೋಪಿ ಮಾಡಿದರೂ ಎಲ್ಲ ಸರಿಯಾಗಿಯೇ ಕಾಣಬಹುದು, ಏಕೆಂದರೆ ಕ್ಯಾಮೆರಾಗೆ ಕಾಣುವುದು ಗೋಡೆಯ ಒಳಮೈ, ನರದ ತೊಂದರೆ ಅದಕ್ಕೆ ಕಾಣದು. ರಿಪೋರ್ಟ್ ನಾರ್ಮಲ್ ಬಂದು, ನುಂಗುವ ಕಷ್ಟ ಹಾಗೇ ಇದ್ದರೆ ಇನ್ನೆರಡು ಪರೀಕ್ಷೆಗಳನ್ನು ಕೇಳಿ. ಬೇರಿಯಂ ಎಂಬ ಬಿಳಿ ದ್ರವ ಕುಡಿಸಿ ಎಕ್ಸ್‌ರೇ ತೆಗೆಯುವುದು ಒಂದು. ಅಕಲೇಸಿಯಾ ಇದ್ದರೆ ಮೇಲೆ ಅಗಲವಾಗಿ, ಕೆಳಗೆ ಹಕ್ಕಿಯ ಕೊಕ್ಕಿನಂತೆ ಚೂಪಾಗಿ ಚಿತ್ರ ಬರುತ್ತದೆ. ಮೂಗಿನಿಂದ ತೆಳ್ಳನೆ ಕೊಳವೆ ಇಳಿಸಿ ಸ್ನಾಯುವಿನ ಒತ್ತಡ ಅಳೆಯುವ ಮ್ಯಾನೋಮೆಟ್ರಿ ಇನ್ನೊಂದು. ಕಾಯಿಲೆ ಇದೆಯೋ ಇಲ್ಲವೋ, ಇದ್ದರೆ ಮೂರು ಬಗೆಗಳಲ್ಲಿ ಯಾವುದು ಎಂದು ಇದರಿಂದ ತಿಳಿಯುತ್ತದೆ.

ಬಿಸಿನೀರಿನ ಫಾರ್ವರ್ಡ್‌ನಲ್ಲಿ ಒಂದಿಷ್ಟು ನಿಜ ಇರುವುದು ಇಲ್ಲೇ. ಅಕಲೇಸಿಯಾ ಇರುವ ಕೆಲವರಿಗೆ ತಣ್ಣೀರು ಕುಡಿದರೆ ಕಷ್ಟ ಹೆಚ್ಚುತ್ತದೆ, ಬೆಚ್ಚಗಿನದು ಕುಡಿದರೆ ಉಂಗುರದ ಬಿಗಿ ಸ್ವಲ್ಪ ಕಡಿಮೆಯಾಗಿ ಊಟ ಇಳಿಯುತ್ತದೆ. ಯಾರಿಗೋ ಹೀಗೆ ಆರಾಮ ಸಿಕ್ಕ ಅನುಭವವೇ ಎಲ್ಲರಿಗೂ ಮದ್ದು ಎಂದಾಗಿರಬಹುದು. ಸತ್ತ ನರಕೋಶ ಬಿಸಿನೀರಿಗೆ ಮರಳಿ ಬರುವುದಿಲ್ಲ. ಅವುಗಳನ್ನು ಮರಳಿ ತರುವ ಔಷಧ ಯಾವ ಪದ್ಧತಿಯಲ್ಲೂ ಇಲ್ಲ. ಇವತ್ತಿರುವ ಎಲ್ಲ ಚಿಕಿತ್ಸೆಗಳೂ ಮಾಡುವುದು ಒಂದೇ ಕೆಲಸ, ಕೆಳಗಿನ ಉಂಗುರದ ಬಿಗಿ ಕಡಿಮೆ ಮಾಡಿ ಊಟ ತನ್ನ ಭಾರಕ್ಕೆ ಇಳಿಯುವಂತೆ ಮಾಡುವುದು.

ತಿಮಿಂಗಿಲದ ಕಡ್ಡಿಯಿಂದ ಸುರಂಗದವರೆಗೆ

17ನೇ ಶತಮಾನದಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಇಂಥ ರೋಗಿಯೊಬ್ಬರಿಗೆ ತಿಮಿಂಗಿಲದಿಂದ ಸಿಗುವ ಬಾಗುವ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿಕೊಟ್ಟಿದ್ದರು. ಆ ರೋಗಿ ಊಟವಾದ ಮೇಲೆ ಅದನ್ನು ತಾನೇ ಗಂಟಲಿಗೆ ಇಳಿಸಿ ಅನ್ನವನ್ನು ಜಠರಕ್ಕೆ ತಳ್ಳಿಕೊಳ್ಳುತ್ತಾ ವರ್ಷಗಟ್ಟಲೆ ಬದುಕಿದ್ದರು. ಮನೆಯಲ್ಲಿ ಯಾರೂ ಇದನ್ನು ಪ್ರಯತ್ನಿಸಬೇಡಿ ಎಂದು ಬೇರೆ ಹೇಳಬೇಕಿಲ್ಲ ತಾನೇ. 1913ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಹೆಲ್ಲರ್ ಆ ಉಂಗುರದ ಸ್ನಾಯುವನ್ನು ಹೊರಗಿನಿಂದ ಸೀಳುವ ಶಸ್ತ್ರಚಿಕಿತ್ಸೆ ಮಾಡಿದರು. ಅದೇ ಇವತ್ತು ಹೊಟ್ಟೆಯಲ್ಲಿ ಸಣ್ಣ ರಂಧ್ರಗಳ ಮೂಲಕ ಲ್ಯಾಪ್ರೊಸ್ಕೋಪಿಯಲ್ಲಿ ನಡೆಯುತ್ತದೆ.

ಎಂಡೋಸ್ಕೋಪಿಯಲ್ಲಿ ಮೂರು ದಾರಿಗಳಿವೆ. ಮೊದಲನೆಯದು ಬೊಟಾಕ್ಸ್ ಇಂಜೆಕ್ಷನ್. ಮುಖದ ಸುಕ್ಕು ತೆಗೆಯಲು ಸಿನಿಮಾದವರು ಹಾಕಿಸಿಕೊಳ್ಳುತ್ತಾರಲ್ಲ, ಅದೇ ಔಷಧ. ಉಂಗುರದ ಸುತ್ತ ನಾಲ್ಕು ಕಡೆ ಚುಚ್ಚಿದರೆ ಸ್ನಾಯು ಸಡಿಲವಾಗುತ್ತದೆ. ಸುಲಭ, ಆದರೆ ಸಾಮಾನ್ಯವಾಗಿ 6 ತಿಂಗಳಿಂದ ಒಂದು ವರ್ಷದೊಳಗೆ ಪ್ರಭಾವ ಇಳಿದುಹೋಗುತ್ತದೆ. ವಯಸ್ಸಾದವರು, ಹೃದ್ರೋಗಿಗಳು ಮುಂತಾಗಿ ದೊಡ್ಡ ಚಿಕಿತ್ಸೆ ತಾಳಲಾರದವರಿಗೆ ಇದು ಸರಿ. 30 ವರ್ಷದವರಿಗೆ ಇದನ್ನೇ ಮತ್ತೆ ಮತ್ತೆ ಮಾಡುತ್ತಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದು ಒಳ್ಳೆಯದು ಎಂಬುದು ನಮ್ಮ ಸಲಹೆ.

ಎರಡನೆಯದು ದೊಡ್ಡ ಬಲೂನ್. ಮೇಲೆ ಹೇಳಿದ ಬಲೂನಿಗಿಂತ ಇದು ಬೇರೆ. 30, 35, 40 ಮಿಲಿಮೀಟರ್ ಅಗಲದವು, ಉಬ್ಬಿದಾಗ ಉಂಗುರದ ಸ್ನಾಯುವಿನ ಎಳೆಗಳು ಹರಿಯಬೇಕು ಎಂಬುದೇ ಉದ್ದೇಶ. ಯುರೋಪಿನ ಹಲವು ಆಸ್ಪತ್ರೆಗಳು ಸೇರಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವರ್ಷದ ನಂತರ ಬಲೂನ್ ಚಿಕಿತ್ಸೆ ಪಡೆದವರಲ್ಲಿ 86% ಮಂದಿ, ಹೆಲ್ಲರ್ ಶಸ್ತ್ರಚಿಕಿತ್ಸೆ ಪಡೆದವರಲ್ಲಿ 90% ಮಂದಿ ಚೆನ್ನಾಗಿದ್ದರು. ಆದರೆ ಬಲೂನ್ ಹಾಕಿದವರಲ್ಲಿ 4% ಮಂದಿಗೆ ಅನ್ನನಾಳದಲ್ಲಿ ತೂತಾಯಿತು. ಇದು ಸಣ್ಣ ಸಂಖ್ಯೆಯಲ್ಲ. ತುರ್ತು ಶಸ್ತ್ರಚಿಕಿತ್ಸೆಯ ಸೌಲಭ್ಯ ಇರುವ ಆಸ್ಪತ್ರೆಯಲ್ಲೇ ಇದನ್ನು ಮಾಡಿಸಬೇಕು ಎನ್ನುವುದು ಇದಕ್ಕೇ.

ಮೂರನೆಯದರ ಹೆಸರು ಪೊಯಮ್. ಕವಿತೆಗೂ ಇದಕ್ಕೂ ಸಂಬಂಧವಿಲ್ಲ, ಬಾಯಿಯ ಮೂಲಕ ಸ್ನಾಯು ಸೀಳುವ ವಿಧಾನದ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳು ಸೇರಿ ಆದದ್ದು. ಜಪಾನಿನ ಹರುಹಿರೊ ಇನೋವೆ 2008ರಲ್ಲಿ ಯೊಕೊಹಾಮಾದಲ್ಲಿ ಇದನ್ನು ಮೊದಲ ಬಾರಿ ರೋಗಿಗೆ ಮಾಡಿ, 2010ರಲ್ಲಿ 17 ರೋಗಿಗಳ ಫಲಿತಾಂಶ ಪ್ರಕಟಿಸಿದರು. ಉಪಾಯ ಕೇಳಿದರೆ ಅಚ್ಚರಿಯಾಗುತ್ತದೆ. ಅನ್ನನಾಳದ ಗೋಡೆಗೆ ಪದರಗಳಿವೆ, ಒಳಗೆ ಲೋಳೆಪದರ, ಹೊರಗೆ ಸ್ನಾಯು. ಒಳಗಿನಿಂದ ನೇರವಾಗಿ ಸ್ನಾಯು ಕತ್ತರಿಸಿದರೆ ಗೋಡೆ ತೂತಾಗಿ ಎಂಜಲು, ಆಹಾರ ಎದೆಗೂಡಿಗೆ ಸೋರುತ್ತದೆ. ಹಾಗಾಗದಂತೆ ಇನೋವೆ ಬಾಗಿಲು ಒಂದು ಕಡೆ, ಕೆಲಸ ಇನ್ನೊಂದು ಕಡೆ ಇಟ್ಟರು.

ರೋಗಿಗೆ ಪೂರ್ತಿ ಅರಿವಳಿಕೆ ಕೊಟ್ಟ ಮೇಲೆ ಅನ್ನನಾಳದ ಮಧ್ಯಭಾಗದಲ್ಲಿ ಲೋಳೆಪದರದ ಕೆಳಗೆ ನೀಲಿ ಬಣ್ಣ ಬೆರೆಸಿದ ಸಲೈನ್ ಚುಚ್ಚಿ ಉಬ್ಬಿಸುತ್ತಾರೆ. ಅಲ್ಲಿ ಸುಮಾರು 2 ಸೆಂಟಿಮೀಟರ್ ಕೊಯ್ದು ಎಂಡೋಸ್ಕೋಪನ್ನೇ ಲೋಳೆಪದರ ಮತ್ತು ಸ್ನಾಯುವಿನ ನಡುವೆ ನುಗ್ಗಿಸುತ್ತಾರೆ. ಬಾಳೆಕಾಯಿ ಸಿಪ್ಪೆ ಮತ್ತು ತಿರುಳಿನ ನಡುವೆ ಕಡ್ಡಿ ತೂರಿಸಿದಂತೆ ಎಂದುಕೊಳ್ಳಿ. ಹಾಗೆ ಸುರಂಗ ಕೊರೆಯುತ್ತಾ ಜಠರದ ಶುರುವಿನವರೆಗೂ ಹೋಗಿ, ಸುರಂಗದೊಳಗಿಂದಲೇ ಬಿಗಿಯಾದ ಸ್ನಾಯುವನ್ನು ಸೀಳಿ, ಹಿಂದಕ್ಕೆ ಬಂದು ಬಾಗಿಲನ್ನು ಕ್ಲಿಪ್‌ಗಳಿಂದ ಮುಚ್ಚುತ್ತಾರೆ. ಸ್ನಾಯು ಸೀಳಿದ ಜಾಗದ ಮೇಲೆ ಲೋಳೆಪದರ ಅಖಂಡವಾಗಿ ಉಳಿಯುತ್ತದೆ. ಹೊರಗೆ ಒಂದು ಗೀರೂ ಇರುವುದಿಲ್ಲ. ಕ್ಲಿಪ್‌ಗಳು ಕೆಲವು ವಾರಗಳಲ್ಲಿ ತಾವೇ ಕಳಚಿ ಮಲದಲ್ಲಿ ಹೋಗುತ್ತವೆ.

ಇದು ಬಲೂನಿಗಿಂತ ಮೇಲೇ? 133 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ವರ್ಷದ ನಂತರ ಪೊಯಮ್ ಪಡೆದವರಲ್ಲಿ 92%, ಬಲೂನ್ ಪಡೆದವರಲ್ಲಿ 54% ಮಂದಿಗೆ ಚಿಕಿತ್ಸೆ ಫಲ ಕೊಟ್ಟಿತ್ತು. ಬಲೂನಿನ ಈ 54% ಅನ್ನು 2011ರ 86% ಜೊತೆ ಹೋಲಿಸಿ ಗೊಂದಲವಾಗಬಹುದು. ಮೊದಲ ಅಧ್ಯಯನದಲ್ಲಿ ಲಕ್ಷಣ ಮರಳಿದರೆ ಮತ್ತೆ ಬಲೂನ್ ಹಾಕಲು ಹೆಚ್ಚು ಅವಕಾಶವಿತ್ತು, ಎರಡನೆಯದರಲ್ಲಿ ನಿಯಮ ಬಿಗಿಯಾಗಿತ್ತು. ಅದೇ 2019ರಲ್ಲಿ 221 ರೋಗಿಗಳಲ್ಲಿ ಪೊಯಮ್ ಮತ್ತು ಹೆಲ್ಲರ್ ಶಸ್ತ್ರಚಿಕಿತ್ಸೆಯನ್ನು ಹೋಲಿಸಿದಾಗ ಎರಡು ವರ್ಷದ ಫಲಿತಾಂಶ 83% ಮತ್ತು 81.7%. ಅಂದರೆ ಹೆಚ್ಚುಕಡಿಮೆ ಸಮಸಮ.

ಯೂಟ್ಯೂಬ್ ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಕಾಣದ ಭಾಗ ಇನ್ನಿದೆ. ಬಾಗಿಲು ತೆರೆದರೆ ಆಮ್ಲ ಮೇಲೆ ಬರುತ್ತದೆ. ಹೆಲ್ಲರ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮೇಲ್ಭಾಗವನ್ನು ಸ್ವಲ್ಪ ಸುತ್ತಿ ಹೊಲಿದು ಅದಕ್ಕೆ ತಡೆ ಹಾಕುತ್ತಾರೆ, ಪೊಯಮ್‌ನಲ್ಲಿ ಸಾಮಾನ್ಯವಾಗಿ ಆ ತಡೆ ಇರುವುದಿಲ್ಲ. ಎರಡು ವರ್ಷದ ನಂತರ ಆಮ್ಲದಿಂದ ಅನ್ನನಾಳದಲ್ಲಿ ಉರಿಯೂತ ಕಂಡದ್ದು ಪೊಯಮ್ ಪಡೆದವರಲ್ಲಿ 44%, ಶಸ್ತ್ರಚಿಕಿತ್ಸೆ ಪಡೆದವರಲ್ಲಿ 29%. ಹೆಚ್ಚಿನವರಿಗೆ ಮಾತ್ರೆಯಿಂದ ಹತೋಟಿಗೆ ಬರುತ್ತದೆ. ಆದರೆ ಪೊಯಮ್ ಮಾಡಿಸಿಕೊಂಡವರು ಎದೆಯುರಿ ಇರಲಿ ಇಲ್ಲದಿರಲಿ ಆಗಾಗ ಪರೀಕ್ಷೆಗೆ ಹೋಗಬೇಕು, ಆಮ್ಲದ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಹಾಗಾಗಿ ಎಲ್ಲರಿಗೂ ಪೊಯಮ್ಮೇ ಶ್ರೇಷ್ಠ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಅನ್ನನಾಳ ಸೆಳೆತಕ್ಕೊಳಗಾಗುವ ಮೂರನೇ ಬಗೆಯ ಅಕಲೇಸಿಯಾದಲ್ಲಿ ಮಾತ್ರ ಅದರ ಅನುಕೂಲ ಸ್ಪಷ್ಟ, ಏಕೆಂದರೆ ಸ್ನಾಯುವನ್ನು ಬೇಕಾದಷ್ಟು ಉದ್ದಕ್ಕೆ ಸೀಳಬಹುದು. ಉಳಿದ ಬಗೆಗಳಲ್ಲಿ ಆ ಆಸ್ಪತ್ರೆಯ ವೈದ್ಯರಿಗೆ ಯಾವುದರಲ್ಲಿ ಹೆಚ್ಚು ಕೈ ಪಳಗಿದೆ ಎಂಬುದೇ ದೊಡ್ಡ ಸಂಗತಿ.

ನಮ್ಮ ದೇಶದಲ್ಲಿ ಪೊಯಮ್ ಹೊಸದೇನಲ್ಲ. ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿ ನೂರಾರು ರೋಗಿಗಳ ಫಲಿತಾಂಶವನ್ನು ಪ್ರಕಟಿಸಿದೆ. ನೀವು ಹೋಗುವ ಆಸ್ಪತ್ರೆ ಯಾವುದೇ ಇರಲಿ, ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ, ತೂತಾದರೆ ಏನು ಮಾಡುತ್ತೀರಿ, ಮ್ಯಾನೋಮೆಟ್ರಿ ಮಾಡಿದ ಮೇಲೆಯೇ ಹೇಳುತ್ತಿದ್ದೀರಾ ಎಂದು ಕೇಳಲು ಸಂಕೋಚ ಬೇಡ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇರುವವರು ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯ ಮಿತ್ರರ ಬಳಿ ತಮ್ಮ ಚಿಕಿತ್ಸೆಗೆ ಯೋಜನೆ ಅನ್ವಯಿಸುತ್ತದೆಯೇ ಎಂದು ಕೇಳಿಕೊಳ್ಳಿ.

ಕ್ಯಾನ್ಸರ್‌ನಿಂದ ದಾರಿ ಮುಚ್ಚಿದ್ದರೆ

ತಂಬಾಕು, ಮದ್ಯ, ಎಲೆಅಡಿಕೆಯ ಅಭ್ಯಾಸ ಅನ್ನನಾಳದ ಕ್ಯಾನ್ಸರ್‌ಗೆ ದೊಡ್ಡ ಕಾರಣಗಳು. ಲೋಳೆಪದರದಲ್ಲೇ ಇರುವ ತೀರಾ ಆರಂಭದ ಗಡ್ಡೆಯನ್ನು ಎಂಡೋಸ್ಕೋಪಿಯಲ್ಲೇ ಸುಲಿದು ತೆಗೆಯಬಹುದು. ಬೆಳೆದಿದ್ದರೆ ಶಸ್ತ್ರಚಿಕಿತ್ಸೆ, ವಿಕಿರಣ, ಕೀಮೋ ಬೇಕಾಗುತ್ತವೆ. ಅವು ಯಾವುವೂ ಸಾಧ್ಯವಿಲ್ಲದ ಹಂತದಲ್ಲಿ ಸ್ಟೆಂಟ್ ಹಾಕುತ್ತಾರೆ. ಹೃದಯಕ್ಕೆ ಹಾಕುವುದಕ್ಕಿಂತ ಬಹಳ ದೊಡ್ಡದಾದ ಲೋಹದ ಬಲೆಯ ಕೊಳವೆ ಅದು. ಮಡಚಿ ಒಳಗೆ ಬಿಟ್ಟರೆ ಒಂದೆರಡು ದಿನದಲ್ಲಿ ತಾನಾಗಿ ಅರಳಿ ದಾರಿ ಬಿಡಿಸುತ್ತದೆ. "ಸ್ಟೆಂಟ್ ಹಾಕಿದರು, ಅಂದರೆ ಗುಣವಾಯಿತು" ಎಂದು ತಿಳಿಯಬೇಡಿ. ಕ್ಯಾನ್ಸರ್ ಅಲ್ಲೇ ಇರುತ್ತದೆ. ಎಂಜಲೂ ನುಂಗಲಾಗದೆ ಬಟ್ಟಲಲ್ಲಿ ಉಗುಳುತ್ತಿದ್ದವರು ಗಂಜಿ, ಮೆತ್ತನೆ ಅನ್ನ, ಹಾಲು ಸೇವಿಸುವಂತಾಗುತ್ತಾರೆ. ಆ ಮನೆಗೆ ಅದು ಸಣ್ಣ ವಿಷಯವಲ್ಲ. ಸ್ಟೆಂಟ್ ಇರುವವರು ಗಟ್ಟಿ ತುಣುಕು, ನಾರಿನ ತರಕಾರಿ ಬಿಟ್ಟು, ಕೂತೇ ಉಂಡು, ಉಂಡ ಮೇಲೆ ಸ್ವಲ್ಪ ಹೊತ್ತು ಮಲಗದೆ ಇರಬೇಕು.

ಸಿಕ್ಕಿಕೊಂಡದ್ದಕ್ಕೆ ಬಾಳೆಹಣ್ಣು, ಕೋಲಾ?

ಕರಾವಳಿಯಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡರೆ ಅನ್ನದ ಉಂಡೆಯನ್ನೋ ಬಾಳೆಹಣ್ಣನ್ನೋ ನುಂಗುವುದು ಅಜ್ಜಿ ಕಾಲದ ಉಪಾಯ. ಸಣ್ಣ ಮುಳ್ಳಾದರೆ ಕೆಲವೊಮ್ಮೆ ಇಳಿದದ್ದೂ ಇರಬಹುದು. ಆದರೆ ಚುಚ್ಚಿ ನಿಂತ ಮುಳ್ಳನ್ನು ಉಂಡೆ ಇನ್ನಷ್ಟು ಆಳಕ್ಕೆ ತಳ್ಳಬಹುದು. ನೋವು ಹಾಗೇ ಇದ್ದರೆ ಎಂಡೋಸ್ಕೋಪಿಯಲ್ಲಿ ಹಿಡಿದು ತೆಗೆಯುವುದೇ ಸರಿ.

ಕೋಲಾದ ಗ್ಯಾಸು ಸಿಕ್ಕಿಕೊಂಡ ಮಾಂಸವನ್ನು ತಳ್ಳುತ್ತದೆ ಎಂಬ ನಂಬಿಕೆ ವೈದ್ಯರಲ್ಲೂ ಇತ್ತು. ನೆದರ್‌ಲ್ಯಾಂಡ್ಸ್‌ನ ವೈದ್ಯರು ಇದನ್ನು ನಿಜವಾಗಿಯೂ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದರು. ಅನ್ನನಾಳದಲ್ಲಿ ಆಹಾರ ಸಿಕ್ಕಿಕೊಂಡು ಬಂದ 51 ಜನರಲ್ಲಿ ಕೆಲವರಿಗೆ ಕೋಲಾ ಕುಡಿಸಿದರು, ಉಳಿದವರನ್ನು ಸುಮ್ಮನೆ ಕಾಯಿಸಿದರು. ಎರಡೂ ಗುಂಪಿನಲ್ಲಿ 61% ಮಂದಿಗೆ ಸುಧಾರಣೆ ಕಂಡಿತು. ಕೋಲಾದಿಂದ ಹೆಚ್ಚಿನ ಲಾಭವಿಲ್ಲ, ಅಷ್ಟೇ. ಇಲ್ಲಿ ಗಮನಿಸಬೇಕಾದ್ದು ಬೇರೆಯಿದೆ. ಮೆತ್ತನೆಯ ತುತ್ತು ಆರೋಗ್ಯವಂತ ಅನ್ನನಾಳದಲ್ಲಿ ಹಾಗೆ ಸಿಕ್ಕಿಕೊಳ್ಳುವುದು ಅಪರೂಪ. ತಾನಾಗಿ ಇಳಿದುಹೋದರೂ ಒಳಗೆ ಕಿರಿದಾಗಿದೆಯೇ ಎಂದು ಆಮೇಲೆ ನೋಡಿಸಲೇಬೇಕು.

ಎಂಜಲೂ ನುಂಗಲಾಗದಂತೆ ಕಟ್ಟಿಕೊಂಡರೆ ಮಾತ್ರ ಕಾಯಬೇಡಿ, ಅದು ತುರ್ತು. ಮಗು ಆಟಿಕೆಯ, ರಿಮೋಟ್‌ನ ಬಟನ್ ಬ್ಯಾಟರಿ ನುಂಗಿದೆ ಎಂಬ ಅನುಮಾನ ಬಂದರೂ ಹಾಗೇ. ಅನ್ನನಾಳದಲ್ಲಿ ಸಿಕ್ಕಿದ ಬ್ಯಾಟರಿ ಎರಡೇ ಗಂಟೆಯಲ್ಲಿ ಗೋಡೆಯನ್ನು ಸುಡಬಲ್ಲದು. "ಮಲದಲ್ಲಿ ಹೋಗುತ್ತೆ ಬಿಡಿ" ಎಂಬ ಸಮಾಧಾನ ಇಲ್ಲಿ ನಡೆಯದು. 108ಕ್ಕೆ ಕರೆ ಮಾಡಿ, ಎಕ್ಸ್‌ರೇ ಮತ್ತು ಎಂಡೋಸ್ಕೋಪಿ ಎರಡೂ ಇರುವ ಆಸ್ಪತ್ರೆಗೇ ಹೋಗಿ.

ಚಿಕಿತ್ಸೆ ಮುಗಿಸಿ ಮನೆಗೆ ಬಂದವರ ಬಗ್ಗೆ ಒಂದು ಮಾತು. ಬಲೂನ್ ಅಥವಾ ಪೊಯಮ್ ಆದ ದಿನ ಗಂಟಲು, ಎದೆ ಸ್ವಲ್ಪ ನೋಯುವುದು ಸಹಜ. ನೋವು ಕಡಿಮೆಯಾಗುವ ಬದಲು ಹೆಚ್ಚುತ್ತಾ ಹೋದರೆ, ಜ್ವರ ಬಂದರೆ, ಉಸಿರು ಹತ್ತದಿದ್ದರೆ, ರಕ್ತ ವಾಂತಿಯಾದರೆ, ಕುತ್ತಿಗೆ ಊದಿ ಮುಟ್ಟಿದಾಗ ಚರ್ಮದ ಕೆಳಗೆ ಚರಚರ ಎಂದರೆ ನೀರನ್ನೂ ಕುಡಿಸದೆ, ರಾತ್ರಿಯಾದರೂ ಸರಿ, ಚಿಕಿತ್ಸೆ ಮಾಡಿದ ಆಸ್ಪತ್ರೆಗೇ ವಾಪಸ್ ಕರೆದುಕೊಂಡು ಹೋಗಿ. ಡಿಸ್ಚಾರ್ಜ್ ಚೀಟಿಯ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಂಡಿರಿ. ತುರ್ತು ವಿಭಾಗದಲ್ಲಿ ಇರುವವರು ಹೊಸ ಡಾಕ್ಟರಾದರೆ ಏನು ಮಾಡಿದ್ದಾರೆ ಎಂಬುದು ಅವರಿಗೆ ಮೊದಲು ತಿಳಿಯಬೇಕಾಗುತ್ತದೆ.